ಕೊಳವೆ ಬಾಯಿಯ ಚಪ್ಪಲಿ

“ಇದೇನು ಮನುಷ್ಯನ ಕಾಲಾ, ಕಾಡೆಮ್ಮೆ ಗೊರಸಾ? ಥೂ! ಈ ಕಾಲು ಇಟ್ಕೊಂಡು ಅತಿಥಿ ಎದುರಿಗೆ ನಿಲ್ತೀಯಾ?”

ಚಿತಾಂಬೊ ಏಣಿಯ ಮೇಲಿಂದಲೇ ಪೆನ್ನಿನ ತುದಿಯಿಂದ ನನ್ನ ಭಾವ ಕಲುಬಾನ ಕಾಲು ತೋರಿಸುತ್ತಿದ್ದ. ಮುಟ್ಟುತ್ತಿರಲಿಲ್ಲ, ತೋರಿಸುತ್ತಿದ್ದ. ಬಿಳಿ ಟೊಪ್ಪಿಯ ಈ ಬ್ವಾನಾನ, ಅಂದರೆ ಸಾಹೇಬನ, ಕೆಲಸ ನಮ್ಮ ಸುರಕ್ಷತೆ ನೋಡಿಕೊಳ್ಳುವುದು. ಬಂದು ಏಳು ತಿಂಗಳಲ್ಲಿ ಒಂದು ದಿನವೂ ಅವನು ಏಣಿಯ ಮೂರನೇ ಮೆಟ್ಟಿಲು ದಾಟಿ ಗುಂಡಿಗೆ ಇಳಿದದ್ದನ್ನು ನಾನು ನೋಡಿರಲಿಲ್ಲ.

ಕಲುಬಾ ಗುಂಡಿಯ ತಳದಲ್ಲಿ, ಕೊಳವೆಯ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ಬಿಚ್ಚುತ್ತಿದ್ದ. ಲಾರಿ ಟೈರು ಕುಯ್ದು ಮಾಡಿದ ಚಪ್ಪಲಿ. ಎಡಗಾಲಿನ ಪಟ್ಟಿ ಹರಿದಿದ್ದ ಕಡೆ ತಾಮ್ರದ ತಂತಿಯಿಂದ ತಾನೇ ಹೊಲಿದಿದ್ದ.

“ಬೂಟು ಬಂದಿದೆ. ಇಪ್ಪತ್ತು ಜೋಡಿ, ಹೊಸಾವು. ಎಲ್ರೂ ಹಾಕ್ಕೊಬೇಕು. ಬರಿಗಾಲಲ್ಲಿ ಯಾವನಾದ್ರೂ ಕಂಡ್ರೆ ಇವತ್ತೇ ಕೊನೆ,” ಅಂದ ಚಿತಾಂಬೊ.

“ಹಾಕ್ಕೊತೀನಿ ಬ್ವಾನಾ. ಒಳಗೆ ಹೋಗಿ ಬಂದ ಮ್ಯಾಕೆ ಹಾಕ್ಕೊತೀನಿ. ಚಪ್ಲಿ ಬಾಯಲ್ಲಿ ಇರ್ಬೇಕು.”

“ಬಾಯಲ್ಲಿ ಇರ್ಬೇಕಾ? ಇದೇನು ಮಸೀದಿನಾ, ಚಪ್ಪಲಿ ಬಾಗಿಲಲ್ಲಿ ಬಿಡೋಕೆ?”

ಅವತ್ತು ಯಾರೋ ದೊಡ್ಡ ಅತಿಥಿ ಬಂದು ನಮ್ಮ ಯಂತ್ರ ಶುರು ಮಾಡುವ ಸಮಾರಂಭ; ಅದನ್ನು ಹಿಡಿಯಲು ಬಂದು ಮೇಲೆ ನಿಂತಿದ್ದ ಫೋಟೋದವನು ನಕ್ಕ. ನಮ್ಮ ಕಪಿತಾವೊ ಸಿಮುಕೊಂಡಾ, ಅಂದರೆ ನಮ್ಮ ಮೇಲೆ ಕೂಗಲು ಸಂಬಳ ತಗೊಳ್ಳುವ ಮೇಸ್ತ್ರಿ, ಅವನೂ ನಕ್ಕ. ಅವನಿಗೆ ಗೊತ್ತಿತ್ತು. ಹದಿನೈದು ವರ್ಷ ಈ ಕೆಲಸ ಮಾಡಿದವನು. ಗೊತ್ತಿದ್ದೂ ನಕ್ಕ.

ನೆಲದ ಕೆಳಗೆ ಕೊಳವೆ ನೂಕುವ ಕೂಲಿಗಳಿಗೆಲ್ಲ ಇದೊಂದೇ ಶಾಸ್ತ್ರ. ತಾಮ್ರದ ಗಣಿಯ ನಮ್ಮ ಊರುಗಳಿಂದ ಹಿಡಿದು ದಕ್ಷಿಣದಲ್ಲಿ ದೊಡ್ಡ ನದಿಯ ದಂಡೆಯವರೆಗೆ ಎಲ್ಲಿ ಹೋದರೂ ಇದೇ. ಒಳಗೆ ಹೋಗುವವನು ತನ್ನ ಚಪ್ಪಲಿಯನ್ನು ಕೊಳವೆಯ ಬಾಯಿಯಲ್ಲಿ ಬಿಚ್ಚಿಡಬೇಕು. ಅವು ಅಲ್ಲಿರುವವರೆಗೆ ಯಾರಪ್ಪ ಬಂದು ಹೇಳಿದರೂ ಯಂತ್ರ ಅಲ್ಲಾಡಕೂಡದು. ಬೇರೆಯವರು ಅವನ್ನು ಮುಟ್ಟುವಂತಿಲ್ಲ. ಹೋದವನೇ ಬಂದು ಕಾಲಿಗೆ ಹಾಕಿಕೊಳ್ಳಬೇಕು. ಯಂತ್ರ ನಡೆಸುವ ಮುದುಕ ಜೆರೆ, ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಕಿವಿ ಹಿಂಡಿ ಹೇಳಿಕೊಟ್ಟಿದ್ದ: “ಬಾಯಲ್ಲಿ ಚಪ್ಲಿ ಇದ್ರೆ ಹೊಟ್ಟೇಲಿ ಮನುಷ್ಯ ಅವ್ನೆ ಅಂತ. ನಾಲ್ಗೆ ಸುಳ್ ಹೇಳ್ತದೆ, ಚಪ್ಲಿ ಹೇಳಾಕಿಲ್ಲ. ತಿಳೀತೇನ್ಲಾ?”

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದಾದ ಮೇಲೆ ಯಾರಾದರೂ ನನಗೆ ಕಲಿಸಿದ ಪಾಠ ಅಂದರೆ ಇದೊಂದೇ.

ಸಿಮುಕೊಂಡಾ ಗೋಣಿಚೀಲ ಹಿಡಿದು ಬಂದು ಎಲ್ಲರ ಹಳೇ ಚಪ್ಪಲಿ ತುಂಬಿಸಿಕೊಂಡ. ಫೋಟೋದಲ್ಲಿ ಅಸಹ್ಯ ಕಾಣುತ್ತವಂತೆ. ಕಲುಬಾನ ಟೈರಿನ ಚಪ್ಪಲಿಯೂ ಚೀಲಕ್ಕೆ ಹೋಯಿತು. ಚೀಲ ಸ್ಟೋರಿಗೆ ಹೋಯಿತು.

ಇಲ್ಲಿಯ ವ್ಯವಹಾರ ಇಷ್ಟು. ಗಡಿ ರಸ್ತೆಯ ಈ ಕಡೆ ನಮ್ಮ ಮುಟೊಂಡೊ ಕೇರಿ. ಆ ಕಡೆ ಗೋಡೆ ಕಟ್ಟಿದ ಹೊಸ ಬಡಾವಣೆ. ಕೊಳವೆಬಾವಿ ನಮ್ಮ ಕಡೆ, ನೀರು ಹೋಗುವುದು ಅವರ ಕಡೆ. ನಡುವೆ ರಸ್ತೆ. ರಸ್ತೆ ಅಗೆದು ಪೈಪು ಹಾಕಿದರೆ ಎರಡು ದಿನದ ಕೆಲಸ. ಆದರೆ ಅಗೆಯುವಂತಿಲ್ಲ. ಗಡಿಯಾಚೆಯಿಂದ ತಾಮ್ರದ ಹಲಗೆ ಹೊತ್ತ ಲಾರಿಗಳು ಹಗಲೂ ರಾತ್ರಿ ಬರುತ್ತವೆ. ಅವು ಒಂದು ಗಳಿಗೆಯೂ ನಿಲ್ಲಬಾರದು. ಅದಕ್ಕೇ ಈ ಕಡೆ ಎರಡಾಳುದ್ದದ ಗುಂಡಿ ತೋಡಿ, ಯಂತ್ರ ಇಳಿಸಿ, ರಸ್ತೆಯ ಹೊಟ್ಟೆಯಲ್ಲಿ ಅಡ್ಡಡ್ಡಲಾಗಿ ಕಬ್ಬಿಣದ ಕೊಳವೆ ನೂಕುತ್ತಿದ್ದೆವು. ಗಜ ಅಗಲದ ಕೊಳವೆ. ಅದರೊಳಗೆ ಉದ್ದನೆಯ ಬೈರಿಗೆ ತಿರುಗುತ್ತದೆ, ಮುಂದಿನ ಮಣ್ಣು ಕೊರೆದು ಹಿಂದಕ್ಕೆ ಉಗುಳುತ್ತದೆ. ಯಂತ್ರ ಹಿಂದಿನಿಂದ ಕೊಳವೆಯನ್ನು ಒತ್ತುತ್ತದೆ. ಮಣ್ಣಾದರೆ ಸರಿ. ಬಂಡೆ ಸಿಕ್ಕರೆ ಬೈರಿಗೆಯನ್ನು ಪೂರಾ ಹೊರಗೆಳೆದು ಒಬ್ಬ ಮನುಷ್ಯನನ್ನು ಒಳಗೆ ಬಿಡಬೇಕು. ಅವನು ತೆವಳಿಕೊಂಡು ಹೋಗಿ, ಕೊಳವೆಯ ಆ ತುದಿಯಿಂದ ಎದೆಯವರೆಗೆ ಹೊರಗೆ ಚಾಚಿ, ಉಳಿ ಸುತ್ತಿಗೆಯಲ್ಲಿ ಬಂಡೆ ಒಡೆಯಬೇಕು. ಬೈರಿಗೆ ಮಾಡಲಾರದ್ದನ್ನು ಮನುಷ್ಯ ಮಾಡುತ್ತಾನೆ. ಮನುಷ್ಯ ಅಗ್ಗ.

ರಸ್ತೆಯ ನಟ್ಟನಡುವೆ ನಮಗೆ ಬಂಡೆ ಸಿಕ್ಕಿತ್ತು. ಎರಡು ದಿನದಿಂದ ಕಲುಬಾ ಒಡೆಯುತ್ತಿದ್ದ. ಅರ್ಧ ಒಡೆದಿದ್ದ.

“ಏನ್ಲಾ ಕೋತಿ ತಿನ್ನೋನೇ,” ಯಂತ್ರದ ಮೇಲಿಂದ ಜೆರೆ ಕೂಗಿದ, “ಹೊಸ ಬೂಟಲ್ಲಿ ಮದ್ವೆ ಗಂಡು ಆಗೋಗಿದ್ದೀಯಲ್ಲಾ! ಒಳಗೆ ಬಂಡೆ ನಾಚ್ಕೊಂಡು ತಾನೇ ಒಡ್ಕೊತದೆ ಬುಡು!”

“ಮುಚ್ಕೊಳ್ಳೋ ಇಲಿ ತಿನ್ನೋನೇ,” ಅಂದ ಕಲುಬಾ. “ನಿಮ್ಮ ಮೂಡಲ ಸೀಮೇಲಿ ಬೂಟು ಕಂಡ್ರೆ ಬಿಲ ಅಂತ ಕೈ ಹಾಕ್ತೀರಿ.”

ಜೆರೆ ಮೂಡಲ ಸೀಮೆಯ ಎಂಗೋನಿ ಕುಲದವನು, ನಾವು ಬೆಂಬಾ ಕುಲ. ನಮ್ಮ ಅಜ್ಜಂದಿರು ಈಟಿ ಹಿಡಿದು ಹೊಡೆದಾಡಿಕೊಂಡಿದ್ದರು. ಅದಕ್ಕೆ ನಾವು ಬಾಯಲ್ಲೇ ಹೊಡೆದಾಡುತ್ತೇವೆ. ಏನು ಬೈದರೂ ಸಿಟ್ಟಾಗಕೂಡದು. ಸತ್ತರೆ ಅವರ ಗುಂಡಿ ನಾವು ತೋಡಬೇಕು, ನಮ್ಮದು ಅವರು. ಹೆಣದ ಮುಂದೆ ನಿಂತು ಹೆಣವನ್ನೇ ಗೇಲಿ ಮಾಡುವ ಹಕ್ಕೂ ಅವರಿಗಿದೆ.

ಕಲುಬಾ ಬೂಟಿನ ಕಾಲನ್ನು ಕೊಳವೆಯೊಳಗಿಟ್ಟ. ಒದ್ದೆ ಕಬ್ಬಿಣದ ಮೇಲೆ ಜಾರಿತು. ಬರಿಗಾಲಾದರೆ ಬೆರಳು ಊರಿ ಹಿಡಿಯುತ್ತಿದ್ದ.

“ಕಪಿತಾವೊ, ಜಾರ್ತದೆ. ಬಿಚ್ಚಿಟ್ಟು ಹೋಯ್ತೀನಿ. ಇವನ್ನೇ ಬಾಯಲ್ಲಿ ಇಡ್ತೀನಿ ಬುಡು.”

“ಬಿಚ್ಚು. ಬಿಚ್ಚಿ, ಹಂಗೇ ಮನೆಗೆ ಹೋಗು,” ಅಂದ ಸಿಮುಕೊಂಡಾ. “ಫೋಟೋದವ್ನು ಅವ್ನೆ ಮ್ಯಾಲೆ, ಕಾಣಾಕಿಲ್ವಾ? ಬರಿಗಾಲು ಸಿಕ್ರೆ ನನ್ನ ತಲೆ ಹೋಯ್ತದೆ. ಹನ್ನೊಂದು ಗಂಟೆ ಒಳಗೆ ಬಂಡೆ ಒಡ್ದಾಕಿ ಬಾ. ಅತಿಥಿ ಗುಂಡಿ ಒತ್ತಿದಾಗ ಪೈಪು ಒಂದು ಗೇಣಾದ್ರೂ ಮುಂದಕ್ಕೋಗ್ಬೇಕು.”

“ಬೈರಿಗೇನೇ ಇಲ್ವಲ್ಲ ಒಳಗೆ.”

“ಅದು ನಿಂಗೆ ಗೊತ್ತು, ನಂಗೆ ಗೊತ್ತು. ಅವ್ನಿಗೇನ್ ಗೊತ್ತು? ಸದ್ದು ಬರ್ಬೇಕು, ಪೈಪು ಅಲ್ಲಾಡ್ಬೇಕು, ಅಷ್ಟೇ. ಹೋಗ್ಲಾ ಬೋಳಿಮಗನೇ!”

ಕಲುಬಾ ನನ್ನ ಕಡೆ ತಿರುಗಿದ. ಅವನಿಗೆ ನಗು ಬೇಗ ಬರುತ್ತಿತ್ತು. ಅವತ್ತು ಬರಲಿಲ್ಲ.

“ಚಿತಿ, ನೀನು ಇಲ್ಲೇ ಕೂತಿರ್ಲಾ. ಎದ್ದೇಳ್ಬ್ಯಾಡ. ಇವತ್ತು ನೀನೇ ನನ್ನ ಚಪ್ಲಿ.”

“ಹೋಗ್ ಭಾವ, ನಿನ್ ಕಾಲಿನ ವಾಸ್ನೆ ಕುಡಿಯೋ ಕರ್ಮ ನಂಗ್ಯಾಕೆ,” ಅಂದೆ.

ಅವನ ಮುಖ ನೋಡಿ ನಾನು ಹೇಳಿದ ಕೊನೆಯ ಮಾತು ಅದು.

ಉಳಿಯ ಸದ್ದು ಶುರುವಾಯಿತು. ಟಣ್, ಟಣ್, ಟಣ್. ನಿಂತರೆ ದಣಿವು ಆರಿಸಿಕೊಳ್ಳುತ್ತಿದ್ದಾನೆ ಅಂತ. ಮೇಲೆ ಲಾರಿ ಹೋದರೆ ಕೊಳವೆ ಪೂರ್ತಿ ಗುಂಯ್ ಅನ್ನುತ್ತಿತ್ತು. ಅದು ಮುಗಿದ ಮೇಲೆ ಮತ್ತೆ ಟಣ್, ಟಣ್.

ಅರ್ಧ ಗಂಟೆಗೆ ಚಿತಾಂಬೊನ ತಲೆ ಮೇಲಿಂದ ಬಗ್ಗಿತು. “ಏಯ್ ಉದ್ದನೆಯವನೇ! ಸಾಲಿಗೆ ಒಬ್ಬ ಕಮ್ಮಿ ಇದಾನೆ. ಬಾ ಮೇಲೆ.”

“ಭಾವ ಒಳಗವ್ನೆ ಬ್ವಾನಾ. ನಾನು ಏಳಂಗಿಲ್ಲ.”

“ಏನಂದೆ?”

“ಹೋಗ್ಲಾ,” ಅಂದ ಸಿಮುಕೊಂಡಾ. “ನಾನಿಲ್ವಾ? ನೋಡ್ಕೊತೀನಿ. ಹತ್ತು ನಿಮಿಷದ ಕೆಲ್ಸ.”

ಹೋದೆ. ಅದಕ್ಕೆ ಏನು ಕಾರಣ ಹೇಳಲಿ? ಬಾ ಅಂದರು, ಹೋದೆ. ಹುಟ್ಟಿದಾಗಿನಿಂದ ಬಾ ಅಂದ ಕಡೆ ಹೋಗಿದ್ದೇನೆ.

ಮೇಲೆ ಶಾಮಿಯಾನ, ಬಿಳಿ ಬಟ್ಟೆ ಹೊದ್ದ ಕುರ್ಚಿಗಳು, ಎತ್ತರದ ಧ್ವನಿಪೆಟ್ಟಿಗೆಗಳಲ್ಲಿ ಹಾಡು. ಹತ್ತು ನಿಮಿಷ ಒಂದು ಗಂಟೆಯಾಯಿತು. ಹತ್ತೊಂಬತ್ತು ಜನ ಹಳದಿ ಬೂಟು, ಕಿತ್ತಳೆ ಅಂಗಿ, ನೀಲಿ ಟೊಪ್ಪಿ ಹಾಕಿ ಬಿಸಿಲಲ್ಲಿ ನಿಂತೆವು. ಒಬ್ಬರ ಗುರುತು ಒಬ್ಬರಿಗೆ ಸಿಗುತ್ತಿರಲಿಲ್ಲ. ಕಾರುಗಳು ಬಂದವು. ಅತಿಥಿ ಇಳಿದ. ಒಬ್ಬೊಬ್ಬರ ಬೂಟನ್ನೂ ನೋಡುತ್ತ, “ಭೇಷ್, ಭೇಷ್” ಅನ್ನುತ್ತ ಬಂದ. ಮುಖ ನೋಡಲಿಲ್ಲ. ಸಾಲಿನ ಆ ತುದಿಯಲ್ಲಿ ಮೈಯೆಲ್ಲ ಕೆಸರಾಗಿದ್ದ ಒಬ್ಬ ನಿಂತಿದ್ದ. ಕಲುಬಾ ಬಂದನಲ್ಲ ಅಂದುಕೊಂಡೆ. ಮನಸ್ಸು ಹಗುರಾಯಿತು.

ಅವನು ಕಲುಬಾ ಅಲ್ಲ ಅಂತ ಗೊತ್ತಾದದ್ದು ಆಮೇಲೆ.

ಆಮೇಲೆ ಗುಂಡಿಗೆ ಇಳಿಯುವ ಗಲಾಟೆ. ಅತಿಥಿಗೆ ಅಂತ ಏಣಿಯ ಪಕ್ಕದಲ್ಲಿ ಮರದ ಮೆಟ್ಟಿಲು ಮಾಡಿಸಿದ್ದರು, ಅದಕ್ಕೆ ಕೆಂಪು ಬಟ್ಟೆ. ನನ್ನನ್ನು ನನ್ನ ಜಾಗಕ್ಕೆ, ಕೊಳವೆ ಬಾಯಿಯ ಪಕ್ಕಕ್ಕೆ, ಮತ್ತೆ ನೂಕಿದರು. ಸನ್ನೆ ಕೊಡುವವನು ನಾನು. ಜೆರೆ ಯಂತ್ರದ ಸೀಟಿನಲ್ಲಿ. ಅವನ ಪಕ್ಕದಲ್ಲಿ ಅತಿಥಿ ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಕ್ಯಾಮರಾ ಕಡೆ ನಗುತ್ತಿದ್ದಾನೆ. ಮೇಲೆ ಹಾಡು, ಡೋಲು, ಲಾರಿ. ಯಂತ್ರ ಆಗಲೇ ಗುಡುಗುತ್ತಿದೆ. ಉಳಿಯ ಸದ್ದು ಇದ್ದರೂ ಯಾರಿಗೆ ಕೇಳಬೇಕು?

“ಭಾವ ಬಂದ್ನಾ?” ಅಂತ ಸಿಮುಕೊಂಡಾನನ್ನು ಕೇಳಿದೆ.

ಅವನು ಅತಿಥಿಯ ಪ್ಯಾಂಟಿಗೆ ಗ್ರೀಸು ತಾಗದಂತೆ ಬಟ್ಟೆ ಹಿಡಿದಿದ್ದ. “ಅಯ್, ಪಕ್ಕಕ್ಕೆ ನಿಲ್ಲೋ, ಫೋಟೋಗೆ ಅಡ್ಡ ಬರ್ತೀಯ,” ಅಂದ.

ಜೆರೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಎರಡು ವರ್ಷದಿಂದ ಇದೇ. ಅವನು ಹುಬ್ಬು ಹಾರಿಸುತ್ತಾನೆ, ನಾನು ಕೊಳವೆಯ ಬಾಯಿ ನೋಡುತ್ತೇನೆ. ಚಪ್ಪಲಿ ಇದ್ದರೆ ಅಂಗೈ ಅಗಲ ಮಾಡಿ ತೋರಿಸುತ್ತೇನೆ. ಇಲ್ಲದಿದ್ದರೆ ಹೆಬ್ಬೆರಳು ಎತ್ತುತ್ತೇನೆ.

ನೋಡಿದೆ. ಚಪ್ಪಲಿ ಇರಲಿಲ್ಲ.

ಹೆಬ್ಬೆರಳು ಎತ್ತಿದೆ.

ಕೊಳವೆ ಒಂದು ಗೇಣು ಮುಂದೆ ಹೋಯಿತು. ಚಪ್ಪಾಳೆ ಬಿತ್ತು. ಜೆರೆಯ ಕೈ ಸನ್ನೆಗೋಲಿನ ಮೇಲೆಯೇ ಇತ್ತು. ಅವನ ಮುಖ ಬದಲಾಯಿತು. ನಲವತ್ತು ವರ್ಷ ಆ ಕೈ ನೆಲವನ್ನು ಓದಿದೆ. ಬಂಡೆ ಹೇಗೆ ತಡೆಯುತ್ತದೆ, ಮಣ್ಣು ಹೇಗೆ ಬಿಟ್ಟುಕೊಡುತ್ತದೆ, ಅದಕ್ಕೆ ಗೊತ್ತು. ಯಂತ್ರ ಆರಿಸಿ ನನ್ನ ಕಡೆ ನೋಡಿದ. ಅವನ ತುಟಿ ಮಾತ್ರ ಅಲ್ಲಾಡಿತು.

“ಚಿತಿ. ಅದು ಕಲ್ಲಲ್ಲ ಕಣ್ಲಾ.”

ನಾನು ಒಳಗೆ ನುಗ್ಗಿದೆ. ಮೊಣಕೈ, ಮೊಣಕಾಲು ಕಿತ್ತುಹೋಗುವ ಹಾಗೆ ತೆವಳಿದೆ. ಟಾರ್ಚಿನ ಬೆಳಕಿನಲ್ಲಿ ಮೊದಲು ಕಂಡದ್ದು ಎರಡು ಬೂಟಿನ ಅಡಿ. ಹೊಚ್ಚ ಹೊಸದು. ಒಂದರ ಅಡಿಯಲ್ಲಿ ಅಳತೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಂಬತ್ತು. ಸೊಂಟದವರೆಗೆ ಕೊಳವೆಯೊಳಗಿದ್ದ. ಆಮೇಲಿನದು ಕೊಳವೆಯ ಅಂಚಿಗೂ ಬಂಡೆಗೂ ನಡುವೆ.

“ಭಾವ!” ಅಂದೆ. ಕಾಲು ಹಿಡಿದೆ. ಬೂಟು ಅಲ್ಲಾಡಿತು. ಬದುಕಿದ್ದ.

ತೆವಳಿ ವಾಪಸು ಬಂದು ಕೂಗಿದೆ. “ಬದುಕವ್ನೆ! ಸರಪಳಿ ಹಾಕಿ ಪೈಪು ಹಿಂದಕ್ಕೆಳೀರಿ! ಬದುಕವ್ನೆ!”

ಅತಿಥಿ ಮೆಟ್ಟಿಲು ಹತ್ತಿ ಹೋಗಿಯಾಗಿತ್ತು. ಮೇಲೆ ಊಟಕ್ಕೆ ಕೂತಿದ್ದರು. ಹುರಿದ ಕೋಳಿಯ ವಾಸನೆ ಗುಂಡಿಯೊಳಕ್ಕೆ ಇಳಿಯುತ್ತಿತ್ತು. ಸಿಮುಕೊಂಡಾ ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದ. ಚಿತಾಂಬೊ ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತಿದ್ದ. ಅವತ್ತೂ ಅಲ್ಲೇ.

“ಈಗ ಯಂತ್ರ ಹಿಂದಕ್ಕೆ ಎಳೆದ್ರೆ ಯಾಕೆ ಏನು ಅಂತ ಕೇಳ್ತಾರೆ,” ಅಂದ ಚಿತಾಂಬೊ, ಮೆಲ್ಲಗೆ, ಬಹಳ ಮರ್ಯಾದೆಯಿಂದ. “ಊಟ ಮುಗೀಲಿ. ಹೊರಡ್ತಾರೆ. ಇಪ್ಪತ್ತು ನಿಮಿಷ.”

“ಇಪ್ಪತ್ ನಿಮಿಷನಾ?” ಜೆರೆ ಸೀಟಿನಿಂದ ಎದ್ದ. “ಏಯ್ ಸೂಳೆಮಗನೇ, ನಾನೇ ಎಳೀತೀನಿ!”

ಸಿಮುಕೊಂಡಾ ಯಂತ್ರದ ಬೀಗದ ಕೈ ಕಿತ್ತು ಮೇಲಕ್ಕೆಸೆದ. ಚಿತಾಂಬೊ ಹಿಡಿದು ಜೇಬಿಗೆ ಹಾಕಿಕೊಂಡ. ಜೆರೆ ಅವನ ಕಾಲಿಗೆ ಕೈ ಹಾಕಿದ. ಇಬ್ಬರು ಕಾವಲಿನವರು ಇಳಿದು ಬಂದು ಮುದುಕನನ್ನು ಮಣ್ಣಿನ ರಾಶಿಯ ಮೇಲೆ ಬೋರಲು ಹಾಕಿ ಬೆನ್ನ ಮೇಲೆ ಕೂತರು.

ನಾನು ಮತ್ತೆ ಒಳಗೆ ಹೋದೆ. ಬೇರೆ ಎಲ್ಲಿಗೆ ಹೋಗಲಿ? ಅವನ ಬಲಗಾಲನ್ನು ಎದೆಗೆ ಅವಚಿಕೊಂಡು ಮಲಗಿದೆ. “ಭಾವ, ನಾನೇ ಕಣೋ. ಬತ್ತಾ ಅವ್ರೆ. ಇನ್ನೇನು ಬತ್ತಾರೆ. ಅಕ್ಕ ಇವತ್ತು ಕಪೆಂತಾ ಮೀನು ಹುರೀತೀನಿ ಅಂದವ್ಳೆ. ನೀನು ಬರ್ದಿದ್ರೆ ನಾನೇ ತಿಂದಾಕ್ತೀನಿ ನೋಡು.” ಕಾಲು ಆಗಾಗ ಅಲ್ಲಾಡುತ್ತಿತ್ತು. ಮೇಲೆ ಲಾರಿಗಳು ಹೋಗುತ್ತಿದ್ದವು. ಒಂದು, ಎರಡು, ಮೂರು ಅಂತ ಎಣಿಸಿದೆ. ಮೂವತ್ತೊಂದನೇ ಲಾರಿ ಹೋಗುವಾಗ ಕಾಲು ಅಲ್ಲಾಡಿತು. ಮೂವತ್ತೆರಡನೆಯದಕ್ಕೂ ಅಲ್ಲಾಡಿತು ಅಂದುಕೊಂಡೆ. ಅದು ಲಾರಿಯ ಅದುರು.

ಅತಿಥಿ ಇನ್ನೊಂದು ತುಂಡು ಕೋಳಿ ಹಾಕಿಸಿಕೊಂಡನಂತೆ. ಬಡಿಸಿದವರು ಆಮೇಲೆ ಹೇಳಿದರು.

ಹೆಣ ಹೊರಗೆ ತೆಗೆದಾಗ ನಾಲ್ಕು ಗಂಟೆ. ಸಂಜೆ ಸ್ಟೋರಿನವನು ಬಂದು ಎಲ್ಲರ ಬೂಟು ವಾಪಸು ಕೇಳಿದ. ಅವು ಕಾರ್ಯಕ್ರಮಕ್ಕೆ ತಂದದ್ದು, ಇನ್ನೊಂದು ಊರಿನ ಕೆಲಸಕ್ಕೆ ಹೋಗಬೇಕು. ಹತ್ತೊಂಬತ್ತು ಜೋಡಿ ಬಿಚ್ಚಿಸಿಕೊಂಡ. ಆಮೇಲೆ ಟಾರ್ಪಾಲು ಎತ್ತಿ ಇಪ್ಪತ್ತನೆಯದನ್ನೂ ಬಿಚ್ಚಿಸಿಕೊಂಡ. ಚರಂಡಿ ನೀರಲ್ಲಿ ತೊಳೆದ. ನಾವೆಲ್ಲ ಬರಿಗಾಲಲ್ಲಿ ನಿಂತು ನೋಡಿದೆವು. ಒಬ್ಬನೂ ಏನೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ಇದನ್ನು ಬಚ್ಚಿಟ್ಟು ಹೇಳುವ ಆಸೆ ನನಗಿಲ್ಲ.

ಸಾವಿನ ಮನೆಯಲ್ಲಿ ಹೆಂಗಸರು ಒಳಗೆ ನೆಲದ ಮೇಲೆ, ಗಂಡಸರು ಹೊರಗೆ ಬೆಂಕಿಯ ಸುತ್ತ. ಅಕ್ಕ ಬುಪೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅಳುವ ಹೆಂಗಸರ ನಡುವೆ ಅವಳೊಬ್ಬಳೇ ಅಳುತ್ತಿರಲಿಲ್ಲ.

ಹೂಳುವ ಗುಂಡಿ ತೋಡಿ ಬಂದ ಜೆರೆ ಬಾಗಿಲಲ್ಲಿ ನಿಂತ. ಅವನು ಗೇಲಿ ಮಾಡಲೇಬೇಕು. ಜನ ಕಾಯುತ್ತಿದ್ದರು. ಆ ಗೇಲಿಗೆ ಹೆಂಗಸರು ಅಳುವಿನ ನಡುವೆ ನಗಬೇಕು. ಹಾಗೆ ನಕ್ಕರೇ ಎದೆ ಸಡಿಲವಾಗುವುದು.

“ಏಯ್ ಕೋತಿ ತಿನ್ನೋನೇ,” ಅಂದ ಹೆಣದ ಪೆಟ್ಟಿಗೆಗೆ. “ಅರ್ಧ ಕೆಲ್ಸ ಬಿಟ್ಟು ಮಲ್ಗಿದ್ದೀಯಲ್ಲಾ ಸೋಂಬೇರಿ. ಮೂರ್ ದಿನ ಆದ್ರೂ ಒಂದು ಬಂಡೆ ಒಡ್ಯಾಕಾಗ್ಲಿಲ್ಲ ನಿಂಗೆ. ಎದ್ದೇಳ್ಲಾ. ಎದ್ದೇಳ್ಲಾ ಅಂದೆ. ನಿನ್ನ…”

ತನ್ನ ಬಲಗೈಯನ್ನು, ಸನ್ನೆಗೋಲು ಹಿಡಿಯುವ ಕೈಯನ್ನು, ಬಾಗಿಲ ಚೌಕಟ್ಟಿಗೆ ಬಡಿದ. ಮತ್ತೆ ಬಡಿದ. ಯಾರೂ ನಗಲಿಲ್ಲ.

ಹೂತು ಬಂದ ಮಾರನೆಯ ದಿನ ಚಿತಾಂಬೊ ಬಂದ. ಬಿಳಿ ಟೊಪ್ಪಿ ಕಂಕುಳಲ್ಲಿ. ಜೊತೆಯಲ್ಲಿ ಸಿಮುಕೊಂಡಾ, ಹೆಗಲ ಮೇಲೆ ಮೆಕ್ಕೆಜೋಳದ ಹಿಟ್ಟಿನ ಎರಡು ಮೂಟೆ. ಚಿತಾಂಬೊ ಕುರ್ಚಿ ಕೇಳಿದ. ನಮ್ಮಲ್ಲಿ ಕುರ್ಚಿ ಇರಲಿಲ್ಲ. ನೀರಿನ ಡಬ್ಬ ಬೋರಲು ಹಾಕಿ ಕೊಟ್ಟೆವು. ಕರವಸ್ತ್ರ ಹಾಸಿ ಕೂತ.

“ತಾಯಿ, ಬಹಳ ದುಃಖದ ವಿಷಯ. ಇದೊಂದು ಕಾಗದ. ಹೆಬ್ಬೆಟ್ಟು ಒತ್ತಿದ್ರೆ ಈ ವಿಷಯ ಇಲ್ಲಿಗೆ ಮುಗಿಯುತ್ತೆ.”

ಅಕ್ಕ ಕಾಗದವನ್ನು ನನ್ನ ಕಡೆ ನೂಕಿದಳು. “ಓದ್ಲಾ.”

ಓದಿದೆ. ಏಳನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕಾಗಿತ್ತು. ಕೂಲಿಯು ಸುರಕ್ಷತಾ ಬೂಟು ಧರಿಸದೆ, ಬರಿಗಾಲಿನಲ್ಲಿ, ಆಜ್ಞೆ ಮೀರಿ, ಯಾರಿಗೂ ತಿಳಿಸದೆ ಕೊಳವೆಯೊಳಗೆ ಹೋಗಿದ್ದರಿಂದ.

“ಬೂಟು ಹಾಕಿದ್ದ,” ಅಂದೆ. “ನೀನೇ ಹಾಕ್ಸಿದ್ದು. ಬೂಟು ಹಾಕ್ಸಿದ್ದಕ್ಕೇ ಸತ್ತ!”

“ಬೂಟು ಇಪ್ಪತ್ತು ಜೋಡಿ ಸ್ಟೋರಲ್ಲಿದೆ. ಸತ್ತೋನ ಕಾಲಲ್ಲಿ ಇದ್ದಿದ್ರೆ ಇಪ್ಪತ್ತು ಹೇಗಿರುತ್ತೆ?”

“ನಿಮ್ಮೋನು ಹೆಣದ ಕಾಲಿಂದ…”

“ಇದು ಅವನದೇ ಅಲ್ವಾ?” ಚಿತಾಂಬೊ ಫೋನು ತೆಗೆದು ಫೋಟೋ ತೋರಿಸಿದ.

ಕೊಳವೆಯ ಬಾಯಿ. ಅದರ ಮುಂದೆ ಒಂದು ಜೊತೆ ಟೈರಿನ ಚಪ್ಪಲಿ, ನೀಟಾಗಿ ಜೋಡಿಸಿಟ್ಟದ್ದು. ಎಡಗಾಲಿನ ಪಟ್ಟಿಯಲ್ಲಿ ತಾಮ್ರದ ತಂತಿ.

ಬದುಕಿಸಬೇಕಾಗಿದ್ದಾಗ ಗೋಣಿಚೀಲದಲ್ಲಿದ್ದ ಚಪ್ಪಲಿ. ಸತ್ತ ಮೇಲೆ ತಂದಿಟ್ಟು ಫೋಟೋ ಹಿಡಿದಿದ್ದರು. ಹೇಗಿಡಬೇಕು ಅನ್ನುವುದು ಚಿತಾಂಬೊನಿಗೆ ಗೊತ್ತಿರಲು ಸಾಧ್ಯವಿಲ್ಲ. ಸಿಮುಕೊಂಡಾನ ಕಡೆ ನೋಡಿದೆ. ಅವನು ಹಿಟ್ಟಿನ ಮೂಟೆಯ ದಾರ ಸರಿಮಾಡುತ್ತಿದ್ದ.

“ನೀನಿಟ್ಟೆ ಅಲ್ವಾ? ಹೆಂಗಿಡ್ಬೇಕು ಅಂತ ತೋರ್ಸ್ಕೊಟ್ಟಿದ್ದು ನೀನೇ ಅಲ್ವಾ?”

“ನಂಗೂ ಮಕ್ಳವ್ರೆ ಕಣೋ ಚಿತಿ,” ಅಂದ ಅವನು ಮೂಟೆಗೆ.

ಚಿತಾಂಬೊ ಪೆನ್ನಿನ ತುದಿಯನ್ನು ಈಗ ನನ್ನ ಕಡೆ ತಿರುಗಿಸಿದ. “ಇನ್ನೊಂದು ಮಾತು, ತಾಯಿ. ಎಲ್ಲಾ ಸರಿ ಇದೆ, ಶುರು ಮಾಡಿ ಅಂತ ಹೆಬ್ಬೆರಳು ಎತ್ತಿದವನು ಯಾರು? ವೀಡಿಯೋದಲ್ಲಿ ಸ್ಪಷ್ಟವಾಗಿದೆ. ಈ ಕಾಗದ ಬೇಡ ಅಂದ್ರೆ ಪೊಲೀಸರಿಗೆ ವೀಡಿಯೋ ಕೊಡ್ಬೇಕಾಗುತ್ತೆ. ಗಂಡ ಅಂತೂ ಹೋದ. ತಮ್ಮನಾದ್ರೂ ಇರ್ಲಿ.”

ಅಕ್ಕ ನನ್ನ ಮುಖ ನೋಡಿದಳು. ಇಷ್ಟು ಹೊತ್ತೂ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

“ನೀನಾ?”

“ಚಪ್ಲಿ ಇರ್ಲಿಲ್ಲ ಅಕ್ಕಾ.”

ಅವಳು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಬೈದಿದ್ದರೆ, ಹೊಡೆದಿದ್ದರೆ, ನಾನು ಇವತ್ತು ರಾತ್ರಿ ನಿದ್ದೆ ಮಾಡುತ್ತಿದ್ದೆ.

“ಇಂಕು ಎಲ್ಲಯ್ಯಾ?” ಅಂದಳು ಚಿತಾಂಬೊನಿಗೆ.

“ಅಕ್ಕಾ, ಬ್ಯಾಡ. ನಾನು ಹೋಯ್ತೀನಿ ಜೈಲಿಗೆ. ಒತ್ಬ್ಯಾಡ.”

“ನೀನು ಹೋದ್ರೆ ಆ ಕೂಸ್ಗಳಿಗೆ ಉಬ್ವಾಲಿ ಮುದ್ದೆ ಯಾರು ಹಾಕ್ತಾರೆ, ಇವ್ನಾ? ಸುಮ್ಕಿರ್ಲಾ.” ಹೆಬ್ಬೆಟ್ಟು ಒತ್ತಿದಳು. ಒತ್ತಿ, ಆ ನೀಲಿ ಬೆರಳನ್ನು ಗೋಡೆಗೆ ಒರೆಸಿದಳು. “ಮೂಟೆ ತಗೊಂಡೋಗು. ನನ್ ಗಂಡ ಆಜ್ಞೆ ಮೀರ್ದೋನಲ್ವಾ? ಮೀರ್ದೋನ ಮನೇಗೆ ಹಿಟ್ಯಾಕೆ?”

ಮೂಟೆಗಳನ್ನು ಅಲ್ಲೇ ಬಿಟ್ಟು ಹೋದರು. ಮೂರನೇ ದಿನ ನಾವು ಅದನ್ನೇ ಬೇಯಿಸಿ ತಿಂದೆವು. ಮಕ್ಕಳು ಎರಡನೇ ಸಲ ಹಾಕಿಸಿಕೊಂಡವು.

ಹೋಗುವಾಗ ಸಿಮುಕೊಂಡಾ ಒಂದು ಪ್ಲಾಸ್ಟಿಕ್ ಚೀಲವನ್ನು ಬಾಗಿಲಲ್ಲಿ ಇಟ್ಟು ಹೋಗಿದ್ದ. ಒಳಗೆ ಚಪ್ಪಲಿ.

ಸಿಮುಕೊಂಡಾನೊಬ್ಬನನ್ನು ಬಿಟ್ಟು ನಮ್ಮ ಗುಂಪನ್ನು ಪೂರಾ ತೆಗೆದುಹಾಕಿದರು. ವಾರದ ಮೇಲೆ ದಕ್ಷಿಣದಿಂದ ಬೇರೆ ಗುಂಪು ಬಂತು, ಲಾರಿಯ ಹಿಂದೆ ಕೂತು, ಬುತ್ತಿ ಚಾಪೆ ಸಮೇತ. ಅವರಿಗೆ ಏನೂ ಹೇಳಿರಲಿಲ್ಲ. ನಮ್ಮ ಭಾಷೆಯೂ ಅವರಿಗೆ ಅರ್ಧಂಬರ್ಧ. ಕಲುಬಾ ಒಡೆದು ಬಿಟ್ಟಿದ್ದ ಬಂಡೆಯ ಉಳಿದರ್ಧವನ್ನು ರಸ್ತೆಯ ಆ ಕಡೆ ತೋಡಿದ ಗುಂಡಿಯಿಂದ ಸುರಂಗ ತೋಡಿ, ಮದ್ದಿಟ್ಟು ಸೀಳಿಸಿದ್ದರು. ಆವತ್ತೇ ಹಾಗೆ ಮಾಡಬಹುದಿತ್ತು. ಅದಕ್ಕೆ ಅರ್ಧ ಗಂಟೆ ಲಾರಿ ನಿಲ್ಲಿಸಬೇಕಾಗಿತ್ತು, ಅಷ್ಟೇ.

ಅವರು ಕೆಲಸ ಶುರು ಮಾಡುವ ಬೆಳಿಗ್ಗೆ, ಕಾವಲಿನವರು ಚಹಾಕ್ಕೆ ಹೋಗಿದ್ದಾಗ, ನಾನು ಬೇಲಿಯ ತಂತಿಯ ಅಡಿಯಿಂದ ನುಸುಳಿದೆ. ಏಣಿ ಇಳಿದೆ. ಕೊಳವೆಯ ಬಾಯಿ ಹಾಗೆಯೇ ಇತ್ತು. ಚಪ್ಪಲಿ ಇಟ್ಟೆ, ಬೆರಳಿನ ಕಡೆ ಒಳಕ್ಕೆ, ಹಿಮ್ಮಡಿ ಹೊರಕ್ಕೆ, ಅವನು ಇಡುತ್ತಿದ್ದ ಹಾಗೇ. ಹತ್ತಿ ಬಂದು ಬೇಲಿಯಾಚೆ, ನೀರಿನ ಕಟ್ಟೆಯಲ್ಲಿ ಡಬ್ಬ ಹಿಡಿದು ಸಾಲು ನಿಂತ ಹೆಂಗಸರ ಹಿಂದೆ ನಿಂತೆ. ಅಲ್ಲಿಂದ ಗುಂಡಿ ಕಾಣುತ್ತದೆ.

ಇದರಿಂದ ಏನಾಗುತ್ತದೆ ಅಂದುಕೊಂಡಿದ್ದೆ? ಏನೂ ಇಲ್ಲ. ಯಾವನಾದರೂ ಒದ್ದು ಪಕ್ಕಕ್ಕೆ ಹಾಕುತ್ತಾನೆ ಅಂದುಕೊಂಡಿದ್ದೆ. ಒದೆಯುವವನ ಮುಖ ನೋಡಬೇಕಿತ್ತು.

ಹೊಸ ಗುಂಪಿನ ಡ್ರೈವರು ಕುಳ್ಳ, ಬಿಳಿ ಗಡ್ಡದವನು. ಯಂತ್ರದ ಸೀಟಿಗೆ ಹತ್ತಿದ. ಶುರು ಮಾಡಿದ. ಅಭ್ಯಾಸದಂತೆ ಕೊಳವೆಯ ಬಾಯಿ ನೋಡಿದ.

ಯಂತ್ರ ಆರಿಸಿದ.

“ಯಾಕಯ್ಯಾ?” ಸಿಮುಕೊಂಡಾನ ದನಿ ನನಗೆ ಬೇಲಿಯವರೆಗೂ ಕೇಳಿತು.

“ಒಳಗೆ ಯಾರವ್ರೆ?”

“ಯಾರೂ ಇಲ್ಲ. ಶುರು ಮಾಡು.”

“ಚಪ್ಲಿ ಐತಲ್ಲ.”

ಸಿಮುಕೊಂಡಾ ತಿರುಗಿ ನೋಡಿದ. ತಾಮ್ರದ ತಂತಿ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಒದೆಯಲಿಲ್ಲ. ಬಗ್ಗಲಿಲ್ಲ. ಹದಿನೈದು ವರ್ಷ ಈ ಕೆಲಸ ಮಾಡಿದವನು, ಅವನ ಕೈಯಿಂದಲೂ ಆಗಲಿಲ್ಲ.

“ಏನು ತಡ? ಎತ್ತಿ ಬಿಸಾಕ್ರೋ ಅದನ್ನ!” ಮೇಲಿಂದ ಚಿತಾಂಬೊ ಕೂಗಿದ.

ಹೊಸ ಗುಂಪಿನ ಹದಿನೆಂಟು ಜನ ಗುಂಡಿಯಲ್ಲಿ ನಿಂತಿದ್ದರು. ಒಬ್ಬನೂ ಕೈ ಚಾಚಲಿಲ್ಲ. ಒಬ್ಬ ತನ್ನ ಟೊಪ್ಪಿ ತೆಗೆದ.

“ಬಿಚ್ಚಿಟ್ಟೋನೇ ಬಂದು ತಗೀಬೇಕು ಸ್ವಾಮಿ,” ಅಂದ ಕುಳ್ಳ. ಯಂತ್ರದಿಂದ ಇಳಿದು ಕೊಳವೆಯ ಮುಂದೆ ಮಂಡಿಯೂರಿದ. ಒಳಗೆ ತಲೆ ಹಾಕಿ ಕೂಗಿದ.

“ಯಾರಪ್ಪಾ ಒಳಗೆ? ಹೊರಗ್ ಬಾ, ಹೊತ್ತಾಯ್ತು!”

ಕೊಳವೆ ಅವನ ಮಾತನ್ನು ಅವನಿಗೇ ತಿರುಗಿಸಿತು.

“ನಿಂಗೆ ಕೆಲ್ಸ ಬೇಕಾ ಬ್ಯಾಡ್ವಾ?” ಚಿತಾಂಬೊ ಏಣಿಗೆ ಕಾಲಿಟ್ಟ. ಒಂದು ಮೆಟ್ಟಿಲು. ಎರಡು. ಮೂರು.

ಕುಳ್ಳ ಕಬ್ಬಿಣಕ್ಕೆ ಕಿವಿ ಹಚ್ಚಿದ. ಅಷ್ಟರಲ್ಲಿ ಮೇಲೆ ತಾಮ್ರದ ಲಾರಿ ಹೋಯಿತು. ಅದರ ಹಿಂದೆ ಇನ್ನೊಂದು. ಕೊಳವೆ ಈ ತುದಿಯಿಂದ ಆ ತುದಿಯವರೆಗೆ ಅದುರಿತು.

ಅವನು ತಲೆ ಎತ್ತದೆ, ಹಿಂದಕ್ಕೆ ಕೈ ಚಾಚಿ ಅಂಗೈ ಅಗಲ ಮಾಡಿ ತೋರಿಸಿದ.

“ಇರ್ರಿ,” ಅಂದ. “ಒಳಗೆ ಯಾವನೋ ಅವ್ನೆ. ಬಡೀತಾ ಅವ್ನೆ.”